ಮನೆ ಇನ್ಶೂರೆನ್ಸಿಗೆ ಎಷ್ಟು ಮೊತ್ತ ಬರೆಸ್ಬೇಕು? ಮಲ್ನಾಡ್ ಮನೆ ಲೆಕ್ಕ

ಎಷ್ಟಕ್ಕೆ ಇನ್ಶೂರೆನ್ಸ್ ಮಾಡ್ಸೋಣ ಅಂದ್ರೆ ನಮ್ಮಲ್ಲಿ ಸುಮಾರು ಜನ ಮನೆ ಮಾರಿದ್ರೆ ಬರೋ ರೇಟು ಹೇಳ್ತಾರೆ, ಇಲ್ಲಾ ಬ್ಯಾಂಕ್ ಲೋನ್ ಎಷ್ಟಿದ್ಯೋ ಅಷ್ಟು. ಎರಡೂ ಬೇಡ. ಶಿವಮೊಗ್ಗ ಪೇಟೆ ಒಳಗೆ ಮನೆ ರೇಟಲ್ಲಿ ದೊಡ್ಡ ಪಾಲು ಸೈಟಿಂದೇ, ಬೆಂಕಿ ಬಿದ್ರೂ ಸೈಟ್ ಎಲ್ಲೂ ಹೋಗಲ್ಲ. ತೀರ್ಥಹಳ್ಳಿ, ಹೊಸನಗರದ ಒಳಗಿನ ಊರಲ್ಲಿ ಉಲ್ಟಾ, ಹಳೇ ಮನೆ ಮಾರೋಕೆ ಹೋದ್ರೆ ಕೇಳೋರಿಲ್ಲ, ಅಂಥದ್ದೇ ಕಟ್ಟೋಕೆ ಹೋದ್ರೆ ಕೈ ಸುಡುತ್ತೆ. ನಮಗೆ ಬೇಕಿರೋದು ಆ ಕಟ್ಟೋ ಖರ್ಚು ಮಾತ್ರ.

2021ರ ಏಪ್ರಿಲಿಂದ ಭಾರತ್ ಗೃಹ ರಕ್ಷಾ ಅಂತ ಒಂದೇ ಥರದ ಪಾಲಿಸಿ ಇದೆ, ಬೆಂಕಿ, ಸಿಡಿಲು, ನೆರೆ, ಗುಡ್ಡ ಕುಸಿತ ಎಲ್ಲಾ ಅದ್ರಲ್ಲಿ ಬರುತ್ತೆ. ಮೊತ್ತ ಅಂದ್ರೆ ಕಾರ್ಪೆಟ್ ಏರಿಯಾನ ಕಟ್ಟೋ ರೇಟಿಂದ ಗುಣಿಸೋದು. ಇಲ್ಲೇ ಎಡವೋದು ನೋಡಿ. ಮೇಸ್ತ್ರಿ ಚದರಕ್ಕೆ (100 ಸ್ಕ್ವೇರ್ ಫೀಟಿಗೆ) ಇಷ್ಟು ಅನ್ನೋದು ಗೋಡೆ ಸೇರಿಸಿ ಹೊರಗಿನ ಅಳತೆಗೆ, ಕಾರ್ಪೆಟ್ ಏರಿಯಾದಲ್ಲಿ ಹೊರಗೋಡೆ ಬರಲ್ಲ, ನಮ್ಮ ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆ ದಪ್ಪ ಬೇರೆ. ಸುಮ್ನೆ ಲೆಕ್ಕಕ್ಕೆ ಇಟ್ಕೊಳ್ಳಿ, ಹೊರ ಅಳತೆ 15 ಚದರ, ಚದರಕ್ಕೆ 2 ಲಕ್ಷ, ಒಟ್ಟು 30 ಲಕ್ಷ. ಕಾರ್ಪೆಟ್ 12 ಚದರ ಇದ್ದು ಅದೇ ರೇಟ್ ಹಾಕಿದ್ರೆ 24 ಲಕ್ಷಕ್ಕೇ ನಿಲ್ಲುತ್ತೆ, 6 ಲಕ್ಷ ಗೋಡೆ ಒಳಗೇ ಹೋಯ್ತು. ಅದಕ್ಕೆ ಮೊದ್ಲು ಒಟ್ಟು ಖರ್ಚು ತೆಗೀರಿ, ಆಮೇಲೆ ಕಾರ್ಪೆಟ್ ಅಳತೆಯಿಂದ ಭಾಗಿಸಿ, ಬರೋ ರೇಟು ಸ್ಕ್ವೇರ್ ಫೀಟಿಗೆ 2,500, ಅದನ್ನ ಫಾರ್ಮಲ್ಲಿ ಹಾಕಿ, ಇಂಜಿನಿಯರ್ ಎಸ್ಟಿಮೇಟ್ ಒಂದು ಜೊತೆಗಿಟ್ಕೊಳ್ಳಿ.

ರೇಟನ್ನ ಇತ್ತೀಚೆಗೆ ನಿಮ್ಮೂರಲ್ಲೇ ಮನೆ ಕಟ್ಟಿದ ಮೇಸ್ತ್ರಿ ಹತ್ರ ಕೇಳಿ, ಬೆಂಗ್ಳೂರು ರೇಟ್ ನೆಟ್ಟಲ್ಲಿ ನೋಡಿ ಹಾಕ್ಬೇಡಿ. ಹೆಂಚಿನ ಮಾಡಾದ್ರೆ ದುಡ್ಡು ತಿನ್ನೋದು ಹೆಂಚಲ್ಲ, ಕೆಳಗಿರೋ ಮರ, ಅಂದ್ರೆ ಪಕಾಸಿ, ರೀಪು, ತೊಲೆ. ಲಾರಿ ಅಂಗಳದ ತನಕ ಬರದಿದ್ರೆ ಜಲ್ಲಿ, ಕಲ್ಲು ಎಲ್ಲಾ ರೋಡಲ್ಲಿಳಿಸಿ ಪಿಕಪ್ಪಲ್ಲಿ ಹೊಡೆಸ್ಬೇಕು, ಆ ಬಾಡಿಗೆನೂ ಸೇರಿಸಿ. ಕೊಟ್ಟಿಗೆ, ಕಾಂಪೌಂಡು, ದರೆಗೆ ಕಟ್ಟಿರೋ ರಿಟೇನಿಂಗ್ ವಾಲ್ ಬಿಟ್ಟುಹೋಗದ ಹಾಗೆ ಬೇರೆ ಬೇರೆ ಬರೆಸಿ.

ಅವಶೇಷ ಸಾಗಿಸೋಕೆ ಕ್ಲೇಮಿನ 2% ತನಕ, ಆರ್ಕಿಟೆಕ್ಟ್ ಇಂಜಿನಿಯರ್ ಫೀಸಿಗೆ 5% ತನಕ ಪಾಲಿಸೀಲೇ ಇದೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಗೆ ತಗೊಂಡ್ರೆ ಮೊತ್ತ ವರ್ಷಕ್ಕೆ 10% ತಾನಾಗೇ ಏರುತ್ತೆ. ಕಮ್ಮಿ ಬರೆಸಿದೀರಿ ಅಂತ ಸಣ್ಣ ಡ್ಯಾಮೇಜಿನ ಕ್ಲೇಮ್ ಕಡಿತ ಮಾಡಲ್ಲ ನಿಜ, ಆದ್ರೆ ಮನೆ ಪೂರ್ತಿ ಹೋದಾಗ ಬರೆಸಿದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಕಟ್ಟಡಕ್ಕೆ ಬರಲ್ಲ.

ಮನೆ ಸಾಮಾನಿಗೆ ಕಟ್ಟಡದ ಮೊತ್ತದ 20%, ಗರಿಷ್ಠ 10 ಲಕ್ಷ ತಾನಾಗೇ ಸಿಗುತ್ತೆ. ಅಟ್ಟದ ಮೇಲಿನ ಅಡಿಕೆ ಮೂಟೆನೂ ಇದ್ರಲ್ಲಿ ಬಂತು ಅಂದ್ಕೋಬೇಡಿ, ಅದಕ್ಕೆ ಬೇರೆ ಕವರ್ ಬೇಕಾ ಅಂತ ಏಜೆಂಟ್ ಹತ್ರ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.