ಹಳೇ ಬೀಡಿನ ಬಾಣಲೆ ಕೊಳ್ಳುವ ಮುನ್ನ ತಟ್ಟಿ ನೋಡಿ

ಕಳೆದ ತಿಂಗಳು ನಮ್ಮ ಗೆಳತಿಯೊಬ್ಬರು ಹಳೇ ಸಾಮಾನಿನ ಅಂಗಡಿಯಿಂದ ಒಂದು ಬೀಡಿನ, ಅಂದರೆ ಎರಕದ ಕಬ್ಬಿಣದ, ಬಾಣಲೆ ತಂದರು. ನೂರು ವರ್ಷ ಹಳೆಯದಂತೆ, 60 ಡಾಲರಂತೆ. ಮಗುಚಿ ನೋಡಿದರೆ ಬೆನ್ನ ಮೇಲೆ ದಪ್ಪಗೆ ‘ಮೇಡ್ ಇನ್ ಯುಎಸ್ಎ’. ಗಾಜಿನ ಒಲೆಯ ಮೇಲಿಟ್ಟು ಹಿಡಿಕೆ ಮುಟ್ಟಿದರೆ ಬುಗುರಿ ಥರ ತಿರುಗಿತು. ಇಂಥದ್ದನ್ನು ನಾನು ನೋಡಿದ್ದು ಇದು ನಾಲ್ಕನೇ ಸಲ. ಅದಕ್ಕೇ ಬರೆಯೋಣ ಅನ್ನಿಸಿತು.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿನ ಸಿಡ್ನಿ ಎಂಬ ಊರಿನಲ್ಲಿ 1891ರಲ್ಲಿ ಬೀಡಿನ ಪಾತ್ರೆ ಮಾಡುವ ವ್ಯಾಗ್ನರ್ ಕಂಪನಿ ಶುರುವಾಯಿತು. ಪಕ್ಕದ ಪೆನ್ಸಿಲ್ವೇನಿಯಾದ ಈರಿಯಲ್ಲಿ ಗ್ರಿಸ್ವೋಲ್ಡ್, 1865ರಿಂದ. ಹಾಗಾಗಿ ಈ ಸೀಮೆಯ ಹಳೇ ಮನೆಗಳಲ್ಲಿ ಬೀಡಿನ ಪಾತ್ರೆಗೆ ಬರವಿಲ್ಲ. ಹಳೆಯದೇ ಯಾಕೆ ಬೇಕು? ದೋಸೆಗೆ. ಆಗಿನವರು ಮರಳಿನ ಅಚ್ಚಿನಿಂದ ತೆಗೆದ ಮೇಲೆ ಬಾಣಲೆಯ ಒಳಮೈಯನ್ನು ಅರೆದು ನುಣುಪು ಮಾಡುತ್ತಿದ್ದರು. ಈಗಿನ ಅಗ್ಗದ ಬಾಣಲೆಗಳಲ್ಲಿ ಆ ಕೆಲಸ ಬಿಟ್ಟಿದ್ದಾರೆ, ಮರಳಿನ ತರಿ ಹಾಗೇ ಉಳಿದಿರುತ್ತದೆ. ಅದರ ಮೇಲೆ ಹಿಟ್ಟು ಹುಯ್ದರೆ ದೋಸೆ ಏಳುವುದಿಲ್ಲ, ಚೂರು ಚೂರಾಗಿ ಕಿತ್ತು ಬರುತ್ತದೆ. ನುಣುಪಾದ ಹಳೇ ಬೀಡು ಅಜ್ಜಿಯ ಕಾವಲಿಯ ಹಾಗೇ ಇರುತ್ತದೆ. ಊರಿಂದ ಕಾವಲಿ ಹೊತ್ತು ತಂದು ಲಗೇಜಿನ ತೂಕ ಕಳೆದುಕೊಳ್ಳುವ ತಾಪತ್ರಯವೂ ಇಲ್ಲ.

ಎಲ್ಲಿ ಹುಡುಕುವುದು

ಎಸ್ಟೇಟ್ ಸೇಲ್ (ಮನೆಯವರು ತೀರಿಕೊಂಡ ಮೇಲೋ ಮನೆ ಖಾಲಿ ಮಾಡುವಾಗಲೋ ಸಾಮಾನನ್ನೆಲ್ಲ ಅಲ್ಲೇ ಮಾರುವುದು), ಗರಾಜ್ ಸೇಲ್ (ಬೇಡದ ಸಾಮಾನನ್ನು ಮನೆ ಮುಂದಿಟ್ಟು ಮಾರುವುದು), ಫ್ಲೀ ಮಾರ್ಕೆಟ್ (ಹಳೇ ಸಾಮಾನಿನ ಸಂತೆ). ಎಸ್ಟೇಟ್ ಸೇಲಿನಲ್ಲಿ ಎಲ್ಲರೂ ಅಡುಗೆಮನೆಗೆ ನುಗ್ಗುತ್ತಾರೆ. ನೀವು ಸೀದಾ ನೆಲಮಾಳಿಗೆಗೆ ಇಳಿಯಿರಿ. ತುಕ್ಕು ಹಿಡಿದವೆಲ್ಲ ಅಲ್ಲೇ ಬಿದ್ದಿರುತ್ತವೆ. ಆನ್‌ಲೈನಿನಲ್ಲಿ ತರಿಸುವುದು ನನಗೆ ಇಷ್ಟವಿಲ್ಲ. ತಟ್ಟಿ ನೋಡಲು ಆಗುವುದಿಲ್ಲ, ಜತೆಗೆ ಪ್ಯಾಕಿಂಗ್ ಸರಿ ಇಲ್ಲದಿದ್ದರೆ ದಾರಿಯಲ್ಲೇ ಒಡೆಯುತ್ತದೆ. ಬೀಡು ಬಗ್ಗುವ ಜಾತಿಯಲ್ಲ, ಒಡೆಯುವ ಜಾತಿ.

ಬೆನ್ನು ಓದುವುದು

ಒಂದರೊಳಗೊಂದು ಎರಡು ಬಳೆಯಾಕಾರದ ಗೆರೆ, ಅವುಗಳ ಒಳಗೆ ಶಿಲುಬೆ, ಶಿಲುಬೆಯೊಳಗೆ ಹೆಸರು ಇದ್ದರೆ ಅದು ಗ್ರಿಸ್ವೋಲ್ಡ್. ಗುರುತು ದೊಡ್ಡದಾಗಿದ್ದರೆ ಹೆಚ್ಚುಕಮ್ಮಿ 1920ರಿಂದ 1940ರ ಒಳಗಿನದು. ಚಿಕ್ಕದಾಗಿದ್ದರೆ ಅಲ್ಲಿಂದ 1957ರವರೆಗಿನದು. ಆ ವರ್ಷ ಈರಿಯ ಕಾರ್ಖಾನೆ ಮುಚ್ಚಿತು, ಹೆಸರು ಮಾತ್ರ ಬೇರೆಯವರ ಕೈ ಸೇರಿತು. ವ್ಯಾಗ್ನರಿನ ಗುರುತಿನಲ್ಲಿ ‘ವ್ಯಾಗ್ನರ್’, ‘ವೇರ್’ ಎರಡೂ ಪದಕ್ಕೆ ಸೇರಿ ಒಂದೇ ದೊಡ್ಡ ಡಬ್ಲ್ಯೂ ಇರುತ್ತದೆ. ಹೆಸರೇ ಇಲ್ಲದೆ, ತಳದ ಸುತ್ತ ಎದ್ದಿರುವ ಬಳೆಯಲ್ಲಿ ಮೂರು ಕಡೆ ಕಚ್ಚು ಕಂಡರೆ ಅದು ಟೆನೆಸಿಯ ಲಾಡ್ಜ್ ಕಂಪನಿಯ ಹಳೇ ಬಾಣಲೆ.

ತಳದ ನಡುವೆ ಉದ್ದಕ್ಕೆ ಒಂದು ಒರಟು ಗೆರೆ ಇದೆಯೇ? ಅದು ಕರಗಿದ ಕಬ್ಬಿಣ ಅಚ್ಚಿಗೆ ಇಳಿದ ಬಾಯಿಯ ಗುರುತು. ಸಾಮಾನ್ಯವಾಗಿ 1890ಕ್ಕೂ ಹಿಂದಿನದು. ‘ಮೇಡ್ ಇನ್ ಯುಎಸ್ಎ’ ಅಂತ ಅಚ್ಚಾಗಿದ್ದರೆ ಬಹುತೇಕ 1960ರ ಈಚಿನದು, ನೂರು ವರ್ಷದ ಮಾತೇ ಇಲ್ಲ.

ನಂಬರಿನ ವಿಷಯ. 8 ಅಂದರೆ 8 ಇಂಚಲ್ಲ. ಸೌದೆ ಒಲೆಯ ಕಣ್ಣಿಗೆ ಕೊಟ್ಟ ನಂಬರು ಅದು. 8ನೇ ನಂಬರಿನ ಬಾಣಲೆಯ ಬಾಯಿ ಸುಮಾರು 10.5 ಇಂಚು.

ನಕಲಿಗಳೂ ಇವೆ. ಅಸಲಿ ಬಾಣಲೆಯನ್ನೇ ಮರಳಿಗೊತ್ತಿ ಅಚ್ಚು ತೆಗೆಯುತ್ತಾರೆ. ಕಬ್ಬಿಣ ತಣಿಯುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುವುದರಿಂದ ನಕಲಿ ಒಂಚೂರು ಚಿಕ್ಕದಾಗುತ್ತದೆ. ಅಕ್ಷರ ಮಂಜುಮಂಜು, ಮೈ ಉಪ್ಪುಕಾಗದದ ಹಾಗೆ. 3ನೇ ನಂಬರಿನ ಗ್ರಿಸ್ವೋಲ್ಡ್ ಕಂಡರೆ ಜಾಸ್ತಿ ಹುಷಾರಾಗಿರಿ. ನನ್ನ ಕೇಳಿದರೆ ಗುರುತಿಗೆ ದುಡ್ಡು ಕೊಡಲೇಬೇಡಿ. ಹೆಸರಿಲ್ಲದ ಹಳೇ ಬಾಣಲೆ ಕಡಿಮೆ ಬೆಲೆಗೆ ಸಿಗುತ್ತದೆ, ದೋಸೆಗೆ ಹೆಸರು ಓದಲು ಬರುವುದಿಲ್ಲ.

ಎಲ್ಲರೂ ಎಡವುವುದು ಇಲ್ಲಿ

ತುಕ್ಕು ಕಂಡು ಹಿಂದೆ ಸರಿಯುತ್ತಾರೆ, ಕಪ್ಪಗೆ ಮಿಂಚುವುದನ್ನು ಎತ್ತಿಕೊಳ್ಳುತ್ತಾರೆ. ಆಗಬೇಕಾದ್ದು ಇದರ ಉಲ್ಟಾ. ತುಕ್ಕನ್ನು ಒಂದು ಮಧ್ಯಾಹ್ನದಲ್ಲಿ ತೆಗೆಯಬಹುದು. ಬಿರುಕಿಗೆ ಮದ್ದಿಲ್ಲ. ಕೆಲವರು ಬಿರುಕು ಕಾಣದಿರಲಿ ಅಂತಲೇ ಎಣ್ಣೆ ಮೆತ್ತಿ, ಒಲೆಗೆ ಹಚ್ಚುವ ಕಪ್ಪು ಪಾಲಿಶ್ ಬಳಿದು ಇಟ್ಟಿರುತ್ತಾರೆ. ಬೆಳ್ಳಿಯ ಹಾಗೆ ಥಳಥಳಿಸುವುದೂ ಬೇಡ. ಯಾರೋ ಗ್ರೈಂಡರ್ ಹಾಕಿ ಮೈ ಕೆರೆದಿದ್ದಾರೆ ಅಂತ ಅರ್ಥ.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವೆ ಅಲ್ವಾ? ಇಲ್ಲೂ ಅದೇ ಪಾಠ. ಹಿಡಿಕೆಯ ತೂತಿಗೆ ಬೆರಳು ಹಾಕಿ ಬಾಣಲೆಯನ್ನು ನೇತಾಡಲು ಬಿಡಿ. ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಅಂಚಿಗೆ ತಟ್ಟಿ. ಗಟ್ಟಿಯಾಗಿದ್ದರೆ ಗಂಟೆಯ ಹಾಗೆ ಠಣ್ ಅಂದು ದನಿ ಎಳೆಯುತ್ತದೆ. ಬಿರುಕಿದ್ದರೆ ಥಪ್ ಅಂದು ಸತ್ತು ಹೋಗುತ್ತದೆ. ಕೈಯಲ್ಲಿ ಬಿಗಿಯಾಗಿ ಹಿಡಿದು ತಟ್ಟಬೇಡಿ, ಯಾವ ಬಾಣಲೆಯೂ ಹಾಡುವುದಿಲ್ಲ. ಗದ್ದಲದ ಜಾಗದಲ್ಲಾದರೆ ಮೂಲೆಗೆ ಒಯ್ದು ತಟ್ಟಿ. ಮಾರುವವರು ವಿಚಿತ್ರವಾಗಿ ನೋಡಲಿ ಬಿಡಿ.

ಆಮೇಲೆ ಫೋನಿನ ಟಾರ್ಚ್ ಹಾಕಿ ಅಂಚಿನ ಸುತ್ತ ಉಗುರು ಓಡಿಸಿ. ಬಿರುಕು ಸಾಮಾನ್ಯವಾಗಿ ಅಂಚಿನಿಂದ ಕೆಳಗಿಳಿದಿರುತ್ತದೆ, ಇಲ್ಲವೇ ಹಿಡಿಕೆ ಸೇರುವ ಜಾಗದಲ್ಲಿರುತ್ತದೆ. ಎಣ್ಣೆ ಸುರಿಯುವ ಮೂತಿಯನ್ನೂ ಬಿಡಬೇಡಿ. ಕೂದಲೆಳೆಯಷ್ಟು ಗೆರೆಯಾದರೂ ಉಗುರು ತಡೆಯುತ್ತದೆ.

ಇನ್ನು ಕೂರುವ ಪರೀಕ್ಷೆ. ಅಂಗಡಿಯ ಮರದ ಮೇಜನ್ನು ನಂಬಬೇಡಿ, ಮೇಜೇ ಸೊಟ್ಟ ಇರುತ್ತದೆ. ಆಭರಣ ಇಟ್ಟಿರುವ ಗಾಜಿನ ಕಪಾಟು ಇರುತ್ತದಲ್ಲ, ಕೇಳಿಕೊಂಡು ಅದರ ಮೇಲಿಟ್ಟು ಹಿಡಿಕೆಯನ್ನು ಒಂದೇ ಬೆರಳಲ್ಲಿ ತಳ್ಳಿ. ಗರಗರ ತಿರುಗಿದರೆ ತಳ ಕೆಳಗೆ ಉಬ್ಬಿದೆ. ಅಂಚು ಒತ್ತಿದಾಗ ಟಕಟಕ ಅಂದರೆ ಸೊಟ್ಟಗಾಗಿದೆ. ಗ್ಯಾಸ್ ಒಲೆಯವರು ಚೂರು ಸೊಟ್ಟ ಸಹಿಸಬಹುದು. ಆದರೆ ದೋಸೆಗೆ ಉಬ್ಬಿದ ತಳ ಬೇಡ, ಎಣ್ಣೆಯೆಲ್ಲ ಒಂದೇ ಕಡೆ ಹರಿದು ನಿಲ್ಲುತ್ತದೆ. ಗಾಜಿನ ಒಲೆಯವರಂತೂ ತಳದಲ್ಲಿ ಎದ್ದ ಬಳೆ ಇರುವುದನ್ನೂ ಬಿಡಿ.

ಇನ್ನೊಂದು. ಒಳಗೆ ಬೂದು ಬಣ್ಣದ ಲೋಹದ ಹನಿ ಅಂಟಿದ್ದರೆ ಅಲ್ಲೇ ಇಟ್ಟು ಬನ್ನಿ. ಗುಂಡು ಹೊಯ್ಯಲು, ಮೀನು ಗಾಳದ ತೂಕಕ್ಕೆ ಇಲ್ಲಿನವರು ಇಂಥ ಪಾತ್ರೆಯಲ್ಲಿ ಸೀಸ ಕರಗಿಸುತ್ತಿದ್ದರು.

ತೊಳೆದು ಪಳಗಿಸುವುದು

ಹಳೇ ಜಿಡ್ಡು ಸುಡಲು ಬೆಂಕಿಗೆ ಹಾಕುವುದು, ಭಾರೀ ಕಾವಿನಲ್ಲಿ ಜಿಡ್ಡನ್ನು ತಾನೇ ಸುಡುವ ಓವನ್ನಿನ ಸೆಲ್ಫ್ ಕ್ಲೀನ್‌ಗೆ ಇಡುವುದು ಎರಡೂ ಬೇಡ. ನೂರು ವರ್ಷ ಬಾಳಿದ್ದು ಒಂದು ಗಂಟೆಯಲ್ಲಿ ಸೊಟ್ಟಗಾಗುತ್ತದೆ. ನಾನೂ ಒಂದನ್ನು ಹೀಗೇ ಕಳೆದುಕೊಂಡೆ, ಅದೀಗ ಹಿತ್ತಲಲ್ಲಿ ಹಕ್ಕಿಗೆ ನೀರಿಡುವ ಬಟ್ಟಲು. ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ಸಿಂಪಡಿಸಿ ಕಸದ ಚೀಲದಲ್ಲಿ ಕಟ್ಟಿ ಎರಡು ದಿನ ಬಿಡಿ. ಕೈಗವಸು ಖಂಡಿತ ಇರಲಿ. ತುಕ್ಕಿಗೆ ವಿನೆಗರ್, ನೀರು ಸಮಸಮ ಬೆರೆಸಿ ಅರ್ಧ ಗಂಟೆ ಮುಳುಗಿಸಿ ಉಜ್ಜಿ. ರಾತ್ರಿಯಿಡೀ ಬಿಟ್ಟರೆ ಕಬ್ಬಿಣವನ್ನೇ ತಿನ್ನುತ್ತದೆ.

ಆಮೇಲೆ ಎಣ್ಣೆ ಹಚ್ಚಿ, ಹಚ್ಚಿದ್ದೆಲ್ಲ ತಪ್ಪಾಯಿತೇನೋ ಅನ್ನುವಷ್ಟು ಒರೆಸಿ ತೆಗೆದು, ಓವನ್ನಿನಲ್ಲಿ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬೋರಲು ಇಡಿ. ಮೂರು ಸಲ. ಅಗಸೆ ಎಣ್ಣೆ ಬಳಸಿ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆ ಆಡಿಸಿ. ಅದು ಕೆಲವು ತಿಂಗಳಿಗೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಸಾದಾ ಅಡುಗೆ ಎಣ್ಣೆ ಸಾಕು.

ಮೊದಲ ವಾರ ದೋಸೆಗೆ ಆತುರ ಬೇಡ. ಈರುಳ್ಳಿ ಹುರಿಯಿರಿ, ಚಪಾತಿ ಬೇಯಿಸಿ. ಟೊಮೆಟೊ, ಹುಣಸೆಹುಳಿ ತಿಂಗಳವರೆಗೆ ಹತ್ತಿರ ಬರದಿರಲಿ. ಆಮೇಲೆ ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲದ್ದಿ ಸವರಿ, ಹಿಟ್ಟು ಹುಯ್ಯಿರಿ. ಮೊದಲನೆಯದು ಹಿಡಿದುಕೊಂಡರೆ ಬೈಯಬೇಡಿ, ಮೂರನೆಯದರ ಹೊತ್ತಿಗೆ ಅಂಚು ತಾನೇ ಏಳುತ್ತದೆ.