ಹೊಸ ಕಂಪ್ರೆಸರ್ ಕೊಳ್ಳುವ ಮೊದಲು ಗಡಿಯಾರ ಹಿಡಿದು ನಿಲ್ಲಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಮೆಷಿನ್ ಶಾಪ್ ಇರಲಿ, ಮಂಡ್ಯ ಕಡೆಯ ರೈಸ್ ಮಿಲ್ ಇರಲಿ, ‘ಗಾಳಿ ಸಾಲ್ತಿಲ್ಲ’ ಅಂದ ಕೂಡಲೇ ಇನ್ನೊಂದು ಕಂಪ್ರೆಸರ್‌ಗೆ ಕೊಟೇಶನ್ ತರಿಸುತ್ತಾರೆ. ಅದಕ್ಕೂ ಮೊದಲು ವಾರದ ರಜೆಯ ದಿನ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಸರಿಯಾಗಿ ನೋಡಿಕೊಳ್ಳದ ಗಾಳಿ ಪೈಪ್ ಲೈನ್‌ಗಳಲ್ಲಿ ಶೇ 20ರಿಂದ 30ರಷ್ಟು ಗಾಳಿ ಯಾವ ಯಂತ್ರವನ್ನೂ ತಲುಪದೆ ಸೋರಿಹೋಗುತ್ತದೆ.

ಮೊದಲು ಅಳತೆ

ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ. ಲೈನ್ ವಾಲ್ವ್‌ಗಳು ತೆರೆದೇ ಇರಲಿ. ಕಂಪ್ರೆಸರ್ ಓಡಿಸಿ, ಎಷ್ಟು ಸೆಕೆಂಡ್ ಲೋಡ್ ಆಗುತ್ತದೆ (ಗಾಳಿ ತುಂಬುತ್ತದೆ), ಎಷ್ಟು ಸೆಕೆಂಡ್ ಅನ್‌ಲೋಡ್‌ನಲ್ಲಿರುತ್ತದೆ (ಗಾಳಿ ತುಂಬದೆ ಸುಮ್ಮನೆ ಓಡುತ್ತದೆ) ಎಂದು ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಎಂಟು-ಹತ್ತು ಸಲ ನೋಡಿ ಸರಾಸರಿ ತೆಗೆಯಿರಿ. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಸೋರಿಕೆಯ ಪಾಲು ಸಿಗುತ್ತದೆ.

100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ) ಗಾಳಿ ಕೊಡುವ ಸ್ಕ್ರೂ ಕಂಪ್ರೆಸರ್ 90 ಸೆಕೆಂಡ್ ಲೋಡ್, 210 ಸೆಕೆಂಡ್ ಅನ್‌ಲೋಡ್ ಆದರೆ ಶೇ 30 ಸೋರಿಕೆ. 7 ಬಾರ್ ಒತ್ತಡದಲ್ಲಿ 100 ಸಿಎಫ್‌ಎಂಗೆ ಸುಮಾರು 18 ಕಿಲೋವ್ಯಾಟ್ ಬೇಕು. ಅಂದರೆ ಸೋರುತ್ತಿರುವುದು 5.4 ಕಿಲೋವ್ಯಾಟ್‌ನ ಗಾಳಿ. ದಿನಕ್ಕೆ 16 ಗಂಟೆಯಂತೆ 300 ದಿನಕ್ಕೆ 25,920 ಯೂನಿಟ್. ಸೆಸ್ಕ್‌ನ ಕರೆಂಟ್ ಬಿಲ್ ಪಕ್ಕದಲ್ಲಿಟ್ಟುಕೊಂಡು ಗುಣಿಸಿ ನೋಡಿ. ಶೇ 10ಕ್ಕಿಂತ ಕೆಳಗೆ ತರುವುದು ಗುರಿ.

ಸೋರುವ ಜಾಗ

ಒಂದು ಮಗ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ ಬೆರೆಸಿ, ಬಣ್ಣ ಹೊಡೆಯುವ ಸಣ್ಣ ಬ್ರಷ್‌ನಿಂದ ಜಾಯಿಂಟ್‌ಗಳಿಗೆ ಹಚ್ಚಿ. ದೊಡ್ಡ ಸೋರಿಕೆಯಲ್ಲಿ ನೊರೆ ಹಾರಿಹೋಗುತ್ತದೆ. ಸಣ್ಣದರಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಥ್ರೆಡ್‌ನ ಅಂಚಿನಲ್ಲಿ ಏಳುತ್ತವೆ. ಕರೆಂಟ್ ಕಾಯಿಲ್‌ನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಹತ್ತಿರ ಮಾತ್ರ ನೀರು ಬೇಡ, ಕಿವಿಯಿಂದಲೇ ಪತ್ತೆಮಾಡಿ. ಸಿಕ್ಕಿದ ಕಡೆಗೆಲ್ಲ ಕೆಂಪು ದಾರ ಕಟ್ಟುತ್ತಾ ಹೋಗಿ.

ಹೆಚ್ಚಿನ ಸೋರಿಕೆ ಮೇನ್ ಪೈಪಿನಲ್ಲಿ ಇರುವುದಿಲ್ಲ. ಯಂತ್ರದ ಪಕ್ಕದ ಕೊನೆಯ ಎರಡು ಮೀಟರ್‌ನಲ್ಲಿ ಇರುತ್ತದೆ: ಎಫ್‌ಆರ್‌ಎಲ್‌ನ (ಗಾಳಿ ಸೋಸಿ, ಒತ್ತಡ ಹೊಂದಿಸಿ, ಎಣ್ಣೆ ಬೆರೆಸುವ ಘಟಕ) ಬಟ್ಟಲು, ಹೋಸ್ ಕ್ಲಿಪ್, ಕ್ವಿಕ್ ಕಪ್ಲರ್, ಪಿಯು (ಪಾಲಿಯುರೆಥೇನ್) ಟ್ಯೂಬ್ ಸೇರುವ ಪುಶ್ ಕನೆಕ್ಟರ್. ಟ್ಯೂಬನ್ನು ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ್ದರೆ ಒಳಗಿನ ಓ-ರಿಂಗ್ ಸರಿಯಾಗಿ ಹಿಡಿಯುವುದಿಲ್ಲ. ನೇರವಾಗಿ ಮತ್ತೆ ಕತ್ತರಿಸಿ ತಳ್ಳಿದರೆ ಸಾಕು. ರೈಸ್ ಮಿಲ್‌ಗಳಲ್ಲಿ ಸಾರ್ಟೆಕ್ಸ್‌ಗೆ (ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಯಂತ್ರ) ಹೋಗುವ ಟ್ಯೂಬನ್ನು ಇಲಿ ಕಡಿದಿರುತ್ತದೆ, ಅದನ್ನೂ ನೋಡಿ. ಹಳೆಯ ಜಿಐ (ಸತು ಲೇಪಿತ ಕಬ್ಬಿಣ) ಲೈನ್‌ಗೆ ಹೊಸದಾಗಿ ಗಾಳಿಯ ತೇವ ತೆಗೆಯುವ ಡ್ರೈಯರ್ ಕೂರಿಸಿದ ಮೇಲೆ ಸೋರಿಕೆ ಶುರುವಾಗಿದ್ದರೆ, ಥ್ರೆಡ್‌ಗೆ ಸುತ್ತಿದ್ದ ಸಣಬು ಒಣಗಿ ಕುಗ್ಗಿರಬಹುದು.

ಬಿಗಿಮಾಡುವ ಮುನ್ನ ಆ ಲೈನಿನ ವಾಲ್ವ್ ಮುಚ್ಚಿ ಗಾಳಿ ಪೂರ್ತಿ ಬಿಡಿ. ಒತ್ತಡವಿದ್ದಾಗ ಸ್ಪ್ಯಾನರ್ ಹಾಕಲೇಬೇಡಿ. ಟೆಫ್ಲಾನ್ ಟೇಪನ್ನು ತುದಿಯ ಒಂದು ಸುತ್ತು ಥ್ರೆಡ್ ಬಿಟ್ಟು ಸುತ್ತಿ. ತುದಿವರೆಗೂ ಸುತ್ತಿದರೆ ಚೂರು ಹರಿದು ಸೊಲೆನಾಯ್ಡ್ ವಾಲ್ವ್ ಒಳಗೆ ಸಿಕ್ಕಿಕೊಂಡು ಇನ್ನೊಂದು ತಲೆನೋವು.

ಬಾಯಿ ತೆರೆದ ಪೈಪಿನಿಂದ ಬಿಸಿ ಜಾಬ್ (ಕೆಲಸ ಮಾಡುತ್ತಿರುವ ಬಿಡಿಭಾಗ) ತಣಿಸುವುದು, ನೆಲ ಗುಡಿಸುವುದೂ ಸೋರಿಕೆಯೇ. 7 ಬಾರ್‌ನಲ್ಲಿ ಕಾಲು ಇಂಚಿನ ತೂತು ಸುಮಾರು 12 ಕಿಲೋವ್ಯಾಟ್ ನುಂಗುತ್ತದೆ. ಆ ಕೆಲಸಕ್ಕೆ ಫ್ಯಾನ್ ಅಥವಾ ಬ್ಲೋವರ್ ಇಡಿ. ಬಟ್ಟೆ, ಮೈ ಮೇಲಿನ ಧೂಳಿಗೆ ಏರ್ ಗನ್ ಹಿಡಿಯುವುದಂತೂ ಪ್ರಾಣಕ್ಕೇ ಅಪಾಯ.

ಆಮೇಲೆ ಒತ್ತಡ

ಕಂಪ್ರೆಸರ್‌ನ ಒತ್ತಡ 1 ಬಾರ್ ಇಳಿಸಿದರೆ ಕರೆಂಟ್ ಶೇ 6ರಿಂದ 10 ಉಳಿಯುತ್ತದೆ. ಒಮ್ಮೆಗೆ 0.2 ಬಾರ್ ಮಾತ್ರ ಇಳಿಸಿ, ಒಂದು ಶಿಫ್ಟ್ ಪೂರ್ತಿ ಲೈನಿನ ಕೊನೆಯ ಯಂತ್ರವನ್ನು ಗಮನಿಸಿ. ಅಲ್ಲಿ ಸಿಲಿಂಡರ್ ನಿಧಾನವಾದರೆ ಮತ್ತೆ ಒತ್ತಡ ಏರಿಸಲು ಓಡಬೇಡಿ. ಟ್ಯಾಂಕಿನ ಗೇಜ್‌ಗೂ ಆ ಯಂತ್ರದ ಗೇಜ್‌ಗೂ ಅರ್ಧ ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಪ್ಪು ಕಂಪ್ರೆಸರ್‌ನದಲ್ಲ. ಕಟ್ಟಿಕೊಂಡ ಫಿಲ್ಟರ್‌ನದು, ಇಲ್ಲವೇ ಸಣ್ಣ ಪೈಪಿನದು.

ಕಂಪ್ರೆಸರ್ ಕೋಣೆಯ ಬಿಸಿಗಾಳಿಯನ್ನು ಡಕ್ಟ್ ಹಾಕಿ ಹೊರಗೆ ಬಿಡಿ. ಒಳಸೇರುವ ಗಾಳಿ 4 ಡಿಗ್ರಿ ಬಿಸಿಯಾದರೆ ಶೇ 1ರಷ್ಟು ಕರೆಂಟ್ ಹೆಚ್ಚು ಬೇಕು. ಏಪ್ರಿಲ್‌ನಲ್ಲಿ ಶೀಟ್ ಮಾಡಿನ ಕೆಳಗೆ ಇದು ಸಣ್ಣ ಮಾತಲ್ಲ. ಮಿಲ್‌ನವರು ಸಕ್ಷನ್ ಬಾಯಿಯನ್ನು ಹೊಟ್ಟು, ತೌಡು ಹಾರುವ ಕಡೆಯಿಂದ ದೂರವಿಡಿ.

ಇಷ್ಟೆಲ್ಲ ಮಾಡಿಯೂ ಬಿಲ್ ನಿರೀಕ್ಷಿಸಿದಷ್ಟು ಇಳಿಯದಿರಬಹುದು. ಸೋರಿಕೆ ನಿಂತಾಗ ಕಂಪ್ರೆಸರ್ ಹೆಚ್ಚು ಹೊತ್ತು ಅನ್‌ಲೋಡ್‌ನಲ್ಲಿ ಓಡುತ್ತದೆ, ಆಗಲೂ ಅದು ಪೂರ್ಣ ಲೋಡ್‌ನ ಶೇ 25ರಿಂದ 40ರಷ್ಟು ಕರೆಂಟ್ ಎಳೆಯುತ್ತದೆ. ಕಂಟ್ರೋಲರ್‌ನಲ್ಲಿ ಅನ್‌ಲೋಡ್ ಆಟೋ-ಸ್ಟಾಪ್ ಟೈಮರ್ (ಅನ್‌ಲೋಡ್‌ನಲ್ಲೇ ಓಡುತ್ತಿದ್ದರೆ ತಾನಾಗಿ ನಿಲ್ಲಿಸುವುದು) ಇದ್ದರೆ ಮೋಟಾರ್ ಗಂಟೆಗೆ ಎಷ್ಟು ಸ್ಟಾರ್ಟ್ ತಾಳಿಕೊಳ್ಳುತ್ತದೆ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿ, ಆ ಮಿತಿಯೊಳಗೆ ಟೈಮರ್ ಸಮಯ ಕಡಿಮೆ ಮಾಡಿ. ಎರಡು ಕಂಪ್ರೆಸರ್ ಇದ್ದು, ಒಂದರಲ್ಲೇ ಗಾಳಿ ಸಾಲುತ್ತಿದ್ದರೆ ಇನ್ನೊಂದನ್ನು ನಿಲ್ಲಿಸಿಯೇ ಬಿಡಿ.

ಮೂರು ತಿಂಗಳಿಗೊಮ್ಮೆ ಅದೇ ಪರೀಕ್ಷೆ ಮಾಡಿ, ಲೋಡ್-ಅನ್‌ಲೋಡ್ ಸೆಕೆಂಡುಗಳನ್ನು ತಾರೀಖಿನ ಸಮೇತ ಗಾಳಿ ಸಂಗ್ರಹಿಸುವ ರಿಸೀವರ್ ಟ್ಯಾಂಕಿನ ಪಕ್ಕದ ಗೋಡೆಯ ಮೇಲೆ ಬರೆದಿಡಿ.