ಐದಾರು ವರ್ಷ ನಿಂತ ಕ್ಯಾರವಾನಿಗೆ ಗಾಳಿ ತುಂಬಿ ಸೋರಿಕೆ ಹಿಡಿದ ನನ್ನ ಅನುಭವ

ಕ್ಯಾರವಾನ್, ಅಂದರೆ ಒಳಗೆ ಮನೆಯಂತೆ ಮಾಡಿದ ಗಾಡಿ, ಎಲ್ಲಿ ಸೋರುತ್ತದೆ ಅಂತ ನೋಡಲು ಒಳಗೆ ಗಾಳಿ ತುಂಬುತ್ತೇನೆ ಅಂದಾಗ ನಮ್ಮ ಬೆಳಗಾವಿ ಉದ್ಯಮಬಾಗದ ಬಾಡಿ ಬಿಲ್ಡರ್ ಗೆಳೆಯರು ನಕ್ಕರು. "ಗಾಡಿ ಏನ್ ಟ್ಯೂಬ್ ಏನ್ರಿ ಮಾಲಕರ, ಗಾಳಿ ಹಾಕಿ ನೀರಾಗ ಮುಳಗಸಾಕ?" ಅಂತ ಒಬ್ಬ ಕೇಳಿದ. ಈಗ ಅವನೇ ನನ್ನ ಗಾಳಿ ತುಂಬುವ ಬ್ಲೋವರ್ ಬಾಡಿಗೆಗೆ ಕೇಳುತ್ತಾನೆ. ಸಿಟ್ಟೇನಿಲ್ಲ, ಬಾಡಿಗೆ ಮಾತ್ರ ಬಿಡುವುದಿಲ್ಲ.

ನಾನು ಕೊಳ್ಳಲು ನೋಡಿದ ಗಾಡಿ ಇದ್ದದ್ದು ಬಾಗಲಕೋಟೆಯ ನವನಗರದಲ್ಲಿ. 2012ರ ಟಿಟಿ (ಟೆಂಪೋ ಟ್ರಾವೆಲರ್) ಚಾಸಿ, ಮೇಲೆ ಫೈಬರ್ ಬಾಡಿ, ಒಳಗೆಲ್ಲ ಪ್ಲೈವುಡ್. ಕೊರೊನಾ ಕಾಲದಲ್ಲಿ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದನ್ನು ಯಾರೂ ಅಲುಗಾಡಿಸಿರಲಿಲ್ಲ. ಮಾಲೀಕರು ಒಂಬತ್ತೂವರೆ ಲಕ್ಷ ಹೇಳಿದರು. "ನಮ್ಮ ಕಡೆ ಮಳೀನ ಇಲ್ಲರಿ, ಒಳಗ ಹಸಿ ಎಲ್ಲಿಂದ ಬರಬೇಕು?" ಅನ್ನೋದು ಅವರ ವಾದ.

ಈ ಮಾತು ನಂಬಿ ದುಡ್ಡು ಕೊಟ್ಟವರು ಬಹಳ ಜನ. ಬೆಳಗಾವಿಯಲ್ಲಿ ನಿಂತ ಗಾಡಿ ಮುಗ್ಗಲು ವಾಸನೆಯಿಂದಲೇ ತನ್ನ ಕಥೆ ಹೇಳಿಬಿಡುತ್ತದೆ. ಬಾಗಲಕೋಟೆ, ವಿಜಯಪುರದ ಗಾಡಿ ಹೇಳುವುದಿಲ್ಲ. ಅಲ್ಲಿ ಬಿಸಿಲೇ ಸಂದಿ ಮುಚ್ಚುವ ಸೀಲಂಟನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ವರ್ಷಕ್ಕೆ ನಾಲ್ಕೈದು ದೊಡ್ಡ ಮಳೆ ಬಂದರೆ ಸಾಕು, ನೀರು ಒಳಗೆ ಇಳಿಯುತ್ತದೆ, ಪ್ಲೈ ಕೊಳೆಯುತ್ತದೆ. ಆಮೇಲೆ ಬೇಸಿಗೆ ಬಂದು ಅದನ್ನೆಲ್ಲ ಒಣಗಿಸಿಬಿಡುತ್ತದೆ. ನಾನು ನೋಡಲು ಹೋದದ್ದು ಏಪ್ರಿಲ್‌ನಲ್ಲಿ. ಕಟ್ಟಿಗೆಯ ಹಸಿ ಅಳೆಯುವ ಎರಡು ಮೊಳೆಯ ಮಾಯಿಶ್ಚರ್ ಮೀಟರ್ ಚುಚ್ಚಿದರೆ ಎಲ್ಲ ಕಡೆ ಎಂಟು, ಹತ್ತು ಪರ್ಸೆಂಟ್. ಮಳೆಗಾಲದ ಬೆಳಗಾವಿಯಲ್ಲಿ ಇಪ್ಪತ್ತು ದಾಟಿದರೆ ನಾವು ಗಾಬರಿಯಾಗುತ್ತೇವೆ, ಅಲ್ವಾ? ಇಲ್ಲಿ ಮೀಟರ್ ಪ್ರಕಾರ ಗಾಡಿ ಹೊಸದು. ಅದೇ ಜಾಗಕ್ಕೆ ದಬ್ಬಳ ಒತ್ತಿದರೆ ಅರ್ಧ ಇಂಚು ಒಳಗೆ ಹೋಯಿತು.

ಕೊಳೆತಿದೆ ಅಂತ ಗೊತ್ತಾಯಿತು. ನೀರು ಎಲ್ಲಿಂದ ಬಂತು? ಪೈಪ್ ಹಿಡಿದು ನೀರು ಹೊಡೆಯುವುದು ಎಲ್ಲರೂ ಮಾಡುವ ಕೆಲಸ. ಅದರ ತೊಂದರೆಯೂ ಎಲ್ಲರಿಗೂ ಗೊತ್ತು. ನೀರು ಮುಂದೆ ಹೊಕ್ಕು, ಫ್ರೇಮ್ ಹಿಡಿದು ಹರಿದು, ಹಿಂದೆ ಎಲ್ಲೋ ತೊಟ್ಟಿಕ್ಕುತ್ತದೆ. ನಾವು ತೊಟ್ಟಿಕ್ಕಿದ ಕಡೆ ಸಿಲಿಕಾನ್ ಮೆತ್ತಿ ಬರುತ್ತೇವೆ. ಗ್ಯಾಸ್ ಜಾಯಿಂಟಿಗೆ ಸೋಪಿನ ನೀರು ಹಾಕಿ ಗುಳ್ಳೆ ನೋಡುತ್ತೇವಲ್ಲ, ಅದನ್ನೇ ಇಡೀ ಗಾಡಿಗೆ ಮಾಡಿದರೆ ಹೇಗೆ ಅಂತ ನನ್ನ ತಲೆಯಲ್ಲಿ ಬಹಳ ದಿನದಿಂದ ಇತ್ತು.

ಮೊದಲು ಗ್ಯಾರೇಜಿನ ಕಂಪ್ರೆಸರ್ ಹಚ್ಚಿ ನೋಡಿದ್ದೆ. ಅದರಲ್ಲಿ ಒತ್ತಡ ಜಾಸ್ತಿ, ಗಾಳಿ ಕಡಿಮೆ. ಟ್ಯಾಂಕ್ ಖಾಲಿಯಾಯಿತೇ ಹೊರತು ಗಾಡಿ ತುಂಬಲಿಲ್ಲ. ಮನೆಯ ವ್ಯಾಕ್ಯೂಮ್ ಕ್ಲೀನರ್ ತಿರುವಿ ಹಚ್ಚಿದೆ, ಅದು ಕಾದು ನಿಂತಿತು. ಆ ರಿಪೇರಿಗೆ ಎಂಟುನೂರು ಹೋಯಿತು, ಮನೆಯಲ್ಲಿ ಬೈಗುಳ ಬೇರೆ. ಕೊನೆಗೆ ಕುಲುಮೆಗೆ ಹಚ್ಚುವ ಸಣ್ಣ ಬ್ಲೋವರ್ ಹಳೆಯದು ಎರಡೂವರೆ ಸಾವಿರಕ್ಕೆ ಸಿಕ್ಕಿತು. ಗಾಳಿ ಒಳಗೆಳೆಯುವ ಬಾಯಿಗೆ ಶಟರ್ ಕೂರಿಸಿದೆ.

ಶಟರ್ ಸುಮ್ನೆ ಅಲ್ಲ, ಒಳಗಿನ ಒತ್ತಡ ಹದದಲ್ಲಿಡಲು. ಒಂದು ಗೌಂಡಿ ಲೆವೆಲ್ ಪೈಪಿನಲ್ಲಿ ಬಣ್ಣದ ನೀರು ಹಾಕಿ, ಒಂದು ತುದಿ ಒಳಗೆ, ಇನ್ನೊಂದು ಹೊರಗೆ ಇಡಿ. ಎರಡೂ ಕಡೆಯ ನೀರಿನ ಮಟ್ಟಕ್ಕೆ ಒಂದು ಇಂಚು ವ್ಯತ್ಯಾಸ ಬಂದರೆ ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಅಗಲದ ಟಾಪನ್ನು, ಅಂದರೆ ಗಾಡಿಯ ಮೇಲ್ಛಾವಣಿಯನ್ನು, ಸುಮಾರು ಇನ್ನೂರು ಕೇಜಿ ಬಲ ಮೇಲಕ್ಕೆ ತಳ್ಳುತ್ತದೆ. ನಮ್ಮ ಯಾರ್ಡಿನಲ್ಲಿದ್ದ ಒಂದು ಗುಜರಿ ಬಾಡಿಯ ಮೇಲೆ ಶಟರ್ ಪೂರ್ತಿ ತೆರೆದಾಗ ಟಾಪಿನ ಹ್ಯಾಚ್ (ಮುಚ್ಚಳ) ಹಾರಿ ಪಕ್ಕದ ಶೆಡ್ಡಿನ ಪತ್ರಾಸಿನ ಮೇಲೆ ಬಿತ್ತು. ಅರ್ಧ ಇಂಚು ಸಾಕು, ಅದಕ್ಕಿಂತ ಬೇಡ.

ಡ್ರೈವರ್ ಕ್ಯಾಬಿನನ್ನು ತಾಡಪತ್ರಿ ಕಟ್ಟಿ ಬೇರೆ ಮಾಡಬೇಕು. ಇಲ್ಲದಿದ್ದರೆ ಗಾಳಿಯೆಲ್ಲ ಪೆಡಲ್ ಸಂದಿಯಿಂದ ಹೋಗುತ್ತದೆ. ಸಿಂಕಿನ ಪೈಪು, ಫ್ರಿಜ್ಜಿನ ಜಾಲರಿ, ಏಸಿ ಡ್ರೇನ್ ಎಲ್ಲಕ್ಕೂ ಟೇಪು. ಬ್ಲೋವರನ್ನು ಕಿಟಕಿಗೆ ಹೇಗೆ ಕೂರಿಸುತ್ತೇನೆ ಅನ್ನೋದನ್ನು ಬರೆಯಲ್ಲ, ಅದು ನನ್ನ ಅನ್ನ. ಸೋಪಿನ ನೀರು ಔಷಧ ಹೊಡೆಯುವ ಪಂಪಿನಲ್ಲಿ. ಬಿಸಿಲು ಏರಿದರೆ ಗುಳ್ಳೆ ಬರುವ ಮೊದಲೇ ನೀರು ಆರುತ್ತದೆ. ಹಾಗಾಗಿ ಬೆಳಗಿನ ಏಳರೊಳಗೆ ಶುರು ಮಾಡಬೇಕು. ಬೇಗ ಆರದಂತೆ ಸೋಪಿಗೆ ಇನ್ನೊಂದು ಪದಾರ್ಥ ಸೇರಿಸುತ್ತೇನೆ. ಅಡುಗೆ ಮನೆಯದೇ, ಹುಡುಕಿಕೊಳ್ಳಿ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಒಳಗೆ ಲೋಬಾನ ಹಾಕಿ ಹೊಗೆ ಎಲ್ಲಿ ಬರುತ್ತದೆ ನೋಡೋಣ ಅಂತ. ಬಯಲಿನ ಬೆಳಕಿನಲ್ಲಿ ಹೊಗೆ ಕಾಣಲೇ ಇಲ್ಲ. ಗಾದಿಗಳು ಮಾತ್ರ ತಿಂಗಳುಗಟ್ಟಲೆ ದರ್ಗಾದ ವಾಸನೆ ಹೊಡೆದವು.

ಸೋಪು ಹೊಡೆದ ಮೇಲೆ ಹತ್ತು ಹನ್ನೆರಡು ಕಡೆ ಗುಳ್ಳೆ ಎದ್ದಿತು. ದೊಡ್ಡದು ಹಿಂದಿನ ಏಣಿಯ ಬೋಲ್ಟುಗಳಲ್ಲಿ ಮತ್ತು ಟಾಪಿನಲ್ಲಿ ಏಸಿ ಕೂರಿಸಲು ಕೊರೆದ ಕಿಂಡಿಯ ಮೂಲೆಯಲ್ಲಿ. ಮಾಲೀಕರು ತೋರಿಸಿದ ಕಿಟಕಿ ಪಕ್ಕದ ಕಲೆಗೂ ಆ ಕಿಟಕಿಗೂ ಸಂಬಂಧವೇ ಇರಲಿಲ್ಲ. ಕಿಟಕಿಯ ರಬ್ಬರಿನಲ್ಲಿ ಒಂದು ಗುಳ್ಳೆಯೂ ಇಲ್ಲ, ನೀರು ಬಂದದ್ದು ಏಸಿಯಿಂದ. ಯಾರೋ ಆ ಕಿಟಕಿಗೆ ಮೂರು ಪದರ ಸಿಲಿಕಾನ್ ಹಚ್ಚಿದ್ದರು. ಸಿಲಿಕಾನ್ ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಆ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿದೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ಟೈರಿನ ಗುಂಡಿ (ಹಲ್ಲು) ಸವೆಯದೆ ಪೂರ್ತಿ ಇತ್ತು, ಪಕ್ಕದಲ್ಲಿ 2316 ಅಂತ ಅಚ್ಚು. ಅಂದರೆ ತಯಾರಾದದ್ದು 2016ರ 23ನೇ ವಾರ. ಆರೂ ಹೋದವು, ಐವತ್ತು ಸಾವಿರದ ಹತ್ತಿರ. ಡೀಸೆಲ್ ಟ್ಯಾಂಕಿನ ತಳದಿಂದ ಬಾಟಲಿಗೆ ಇಳಿಸಿದರೆ ಕೆಳಗೆ ನೀರು, ನಡುವೆ ಕಪ್ಪು ಲೋಳೆ. ಅದನ್ನು ತೆಗೆಯುವವರೆಗೆ ಸೆಲ್ಫ್ (ಸ್ಟಾರ್ಟರ್) ಮುಟ್ಟಲಿಲ್ಲ. ಒಳಗಿನ ಬ್ಯಾಟರಿ ಎಂಟು ವೋಲ್ಟಿಗೆ ಇಳಿದಿತ್ತು, ಚಾರ್ಜ್ ಮಾಡುವ ಆಸೆಯೇ ಬೇಡ. ಬ್ರೇಕಿನ ವೀಲ್ ಸಿಲಿಂಡರ್ ಹಿಡಿದುಕೊಂಡಿದ್ದವು. ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್ ಅಂತಲೇ ಇತ್ತು, ಅದೊಂದು ಸಮಾಧಾನ. ಸೀಟಿನ ಗಾಡಿ ಅಂತಲೇ ಉಳಿದಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಗಾಡಿಯ ಸ್ವರೂಪ ಬದಲಿಸುವ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹಿಡಿದು ಆರ್‌ಟಿಒಗೆ ಓಡಾಡುವ ವಯಸ್ಸಲ್ಲ ನನ್ನದು. 2027ಕ್ಕೆ ಹದಿನೈದು ವರ್ಷ ತುಂಬಿ ಮರುನೋಂದಣಿ ಬರುತ್ತದೆ ಅನ್ನೋದನ್ನೂ ಚೌಕಾಸಿಗೆ ಬಳಸಿದೆ.

ಆದರೆ ದರ ಇಳಿಸಿದ್ದು ಗುಳ್ಳೆಗಳೇ. ಮಾಲೀಕರನ್ನೇ ಏಣಿ ಹತ್ತಿಸಿದೆ. ಏಸಿ ಮೂಲೆಯಲ್ಲಿ ನೊರೆ ಉಕ್ಕುವುದನ್ನು ನೋಡಿ ಅವರು ಕೆಳಗಿಳಿದು ಚಹಾ ತರಿಸಿದರು. ಏಳು ಲಕ್ಷದ ಒಳಗೆ ಮುಗಿಯಿತು. ಪ್ಲೈ, ಸೀಲಂಟ್, ಕೂಲಿ ಸೇರಿ ಎಪ್ಪತ್ತು ಸಾವಿರ, ಮೇಲೆ ಟೈರು, ಬ್ಯಾಟರಿ, ಬ್ರೇಕು. ಎಲ್ಲ ಸೇರಿ ಎಂಟೂಮುಕ್ಕಾಲು ಲಕ್ಷ ದಾಟಿಲ್ಲ. ರಿಪೇರಿಯಾದ ಮೇಲೆ ಮತ್ತೆ ಅರ್ಧ ಇಂಚು ತುಂಬಿ ನೋಡಿದೆ, ಬಾಗಿಲ ರಬ್ಬರಿನಲ್ಲಿ ಒಂದು ಸಣ್ಣ ಸಾಲು ಬಿಟ್ಟರೆ ಎಲ್ಲೂ ಗುಳ್ಳೆ ಇಲ್ಲ. ಬೆಳಗಾವಿಯ ಜುಲೈ ಪೂರ್ತಿ ಬಯಲಲ್ಲೇ ನಿಲ್ಲಿಸಿದ್ದೆ. ಮೀಟರ್ ಹದಿನಾಲ್ಕು ದಾಟಲಿಲ್ಲ.

ಈಗ ವಿಜಯಪುರದಿಂದ ಒಬ್ಬರು ಬಸ್ ಚಾಸಿಯ ಕ್ಯಾರವಾನ್ ನೋಡಲು ಕರೆದಿದ್ದಾರೆ. ಅಷ್ಟು ದೊಡ್ಡ ಬಾಡಿಗೆ ನನ್ನ ಬ್ಲೋವರ್ ಸಾಲುವುದಿಲ್ಲ. ಎರಡು ಜೋಡಿಸಬೇಕೋ, ತಾಡಪತ್ರಿ ಕಟ್ಟಿ ಅರ್ಧರ್ಧ ನೋಡಬೇಕೋ ಅಂತ ಲೆಕ್ಕ ಹಾಕುತ್ತಿದ್ದೇನೆ.